ಜೇಬಿನಲ್ಲಿ ಪ್ಲಗ್

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮನೆಯ ಅಣ್ಣ ಕರೆಂಟು ಹೊಡೆದು ಸತ್ತವರಲ್ಲ. ನಮ್ಮ ಬೀದಿಯಲ್ಲಿ ಇವತ್ತಿಗೂ ಹಾಗೆ ಹೇಳುವವರಿದ್ದಾರೆ. ಮೀನಿನ ಟ್ಯಾಂಕಿನೊಳಗೆ ಕೈ ಹಾಕಿದ್ದರು, ಕರೆಂಟು ಬಂತು, ಹೋಗಿಬಿಟ್ಟರು ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಆ ಹೊತ್ತಿನಲ್ಲಿ ಅವರ ಜೊತೆ ಆ ಕೋಣೆಯಲ್ಲಿದ್ದವಳು ನಾನೊಬ್ಬಳೇ. ನಾನು ನೋಡಿದ್ದು ಬೇರೆ. ಅದನ್ನು ಬಾಯಲ್ಲಿ ಹೇಳುವಾಗಲೆಲ್ಲ ನನ್ನ ದನಿ ನಡುಗಿ, ಕೇಳುವವರು ನನ್ನನ್ನೇ ಸಮಾಧಾನ ಮಾಡಲು ಶುರುಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆಯಿದೆ. ಹೆಸರು ಮಾತ್ರ ಬೇಡ ಅಂದರು. "ಹೆಸ್ರು ಹಾಕಿದ್ರೆ ಯಾರೋ ದೊಡ್ಡ ಮನುಷ್ಯರು ಅಂದ್ಕೋತಾರೆ ಜನ. ಅವ್ರಿಗೆ ಅದೆಲ್ಲ ಸರಿಹೋಗ್ತಿರ್ಲಿಲ್ಲ."

ತೊಂಬತ್ತರ ದಶಕದ ನಡುವಿನಲ್ಲಿ ನಾನೂ ನನ್ನ ತಾಯಿಯೂ ಹಲಸೂರಿನ ಮನೆ ಬಿಟ್ಟು ಲಿಂಗರಾಜಪುರಕ್ಕೆ ಬಾಡಿಗೆಗೆ ಬಂದೆವು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ದಿನವಿಡೀ ಕಿವಿಯಲ್ಲಿ ಬೇರೆಯವರ ಮಾತು ತುಂಬಿಕೊಂಡು ಬರುವವಳಿಗೆ ಮಾತಿಲ್ಲದ ಪ್ರಾಣಿ ಬೇಕು ಅನ್ನಿಸಿರಬೇಕು. ಶಿವಾಜಿನಗರದಿಂದ ಒಂದು ಸಣ್ಣ ಟ್ಯಾಂಕು, ಒಂದಷ್ಟು ಗಪ್ಪಿ ಮೀನು ತಂದಿಟ್ಟುಕೊಂಡಿದ್ದೆ. ಮನೆ ಬದಲಾಯಿಸಿದ ವಾರವೇ ಟ್ಯಾಂಕಿನ ನೀರು ಬದಲಾಯಿಸಿ, ಹಳೆಯ ನೀರನ್ನು ಹಿತ್ತಲಿನ ಮೋರಿಗೆ ಸುರಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕೈ ನೀರಿನಲ್ಲಿತ್ತು. "ಬನ್ನಿ, ತೆರೆದಿದೆ" ಅಂದೆ.

ಒಳಗೆ ಬಂದವರು ಕುಳ್ಳಗೆ, ಗಟ್ಟಿಯಾಗಿದ್ದರು. ತಲೆ ಅರ್ಧ ನರೆತಿತ್ತು. ಕೈಯಲ್ಲಿ ಒಂದು ಸ್ಟೀಲ್ ಲೋಟ. ಅವರು ನನ್ನ ಮುಖ ನೋಡಲಿಲ್ಲ. ನೀರಿನಲ್ಲಿದ್ದ ನನ್ನ ಕೈ ನೋಡಿದರು, ಗೋಡೆ ನೋಡಿದರು. ಲೋಟವನ್ನು ನೆಲದ ಮೇಲಿಟ್ಟು, ನೇರ ಗೋಡೆಯ ಹತ್ತಿರ ಹೋಗಿ, ನನ್ನ ಟ್ಯಾಂಕಿನ ಪ್ಲಗ್ ಕಿತ್ತು, ವೈರಿನ ಸಮೇತ ತಮ್ಮ ಶರ್ಟಿನ ಜೇಬಿಗೆ ಇಳಿಸಿಕೊಂಡರು. ಆಮೇಲೆ ನಮಸ್ಕಾರ ಮಾಡಿದರು.

"ಕರೆಂಟೇ ಇಲ್ವಲ್ಲ ಸಾರ್," ಅಂದೆ. ಆಗ ಮಧ್ಯಾಹ್ನದ ಹೊತ್ತು ದಿನವೂ ಕರೆಂಟು ತೆಗೆಯುತ್ತಿದ್ದರು.

"ಇಲ್ಲ. ಹೋಗಿದೆ. ಹೋಗಿರೋದು ವಾಪಸ್ ಬರುತ್ತೆ ತಾನೇ?"

"ಪ್ಲಗ್ ಅಲ್ಲೇ ಕೆಳಗೆ ಬಿಡಬಹುದಿತ್ತು."

"ಅಲ್ಲಿ ಬಿಟ್ರೆ ಯಾರಾದ್ರೂ ಒಳ್ಳೆಯೋರು ಬಂದು ಹಾಕ್ಬಿಡ್ತಾರೆ ಕಣಮ್ಮ. ಕೆಟ್ಟೋರು ಯಾರೂ ಹಾಕಲ್ಲ. ಒಳ್ಳೆಯೋರೇ ಹಾಕೋದು. ಅಯ್ಯೋ ಪಾಪ, ಮೀನಿಗೆ ಗಾಳಿ ಹೋಗ್ತಿಲ್ಲ ಅಂತ. ನಿಮ್ಮ ಕೈ ಒರೆಸ್ಕೊಳ್ಳಿ, ಆಮೇಲೆ ಕೊಡ್ತೀನಿ."

ಕೈ ಒರೆಸಿಕೊಂಡೆ. ಆಗ ಲೋಟ ಎತ್ತಿ ಕೊಟ್ಟರು. ಅದರಲ್ಲಿ ಒಂದು ಗಪ್ಪಿ ಈಜುತ್ತಿತ್ತು. ನಾನು ಸುರಿದ ನೀರಿನ ಜೊತೆ ಮೋರಿಯಲ್ಲಿ ಹರಿದು ಅವರ ಹಿತ್ತಲಿಗೆ ಹೋಗಿತ್ತಂತೆ. "ನಿಮ್ಮ ಮನೆಯೋರು ಒಬ್ರು ನಮ್ಮ ಮನೆಗೆ ಬಂದ್ಬಿಟ್ಟಿದ್ರು," ಅಂದರು. ನಗಲಿಲ್ಲ. ಅವರು ತಮಾಷೆ ಮಾಡುವಾಗ ನಗುತ್ತಿರಲಿಲ್ಲ ಎಂಬುದು ತಿಳಿಯಲು ನನಗೆ ಇನ್ನೂ ಒಂದಷ್ಟು ದಿನ ಬೇಕಾಯಿತು.

ಅವರದು ಆ ಊರಿನ ಹಳೆಯ ಮನೆತನ. ಲಿಂಗರಾಜಪುರ ಬಡಾವಣೆಯಾಗುವ ಮೊದಲು ತಂದೆಯ ಕಾಲದಲ್ಲಿ ಸೊಪ್ಪು, ಹೂಕೋಸು ಬೆಳೆದು ಕಂಟೋನ್ಮೆಂಟಿನ ಮಾರುಕಟ್ಟೆಗೆ ಹಾಕುತ್ತಿದ್ದರಂತೆ. ಹೊಲ ಹೋಯಿತು, ಹಸುಗಳು ಹೋದವು, ಕೊಟ್ಟಿಗೆ ಉಳಿಯಿತು. ಇವರು ದೊಡ್ಡನೆಕ್ಕುಂದಿಯ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಸ್ವಯಂ ನಿವೃತ್ತಿಯ ಕಾಲದಲ್ಲಿ ಎಲ್ಲರ ಹಾಗೆ ಬಿಟ್ಟು ಬಂದರು. ಅದಕ್ಕೂ ಮೊದಲಿನಿಂದ ರಜೆಯ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಕೂತು ಮೀನಿನ ಟ್ಯಾಂಕು ಕಟ್ಟುವುದಿತ್ತು. ಬಿಟ್ಟ ಮೇಲೆ ಅದೇ ಕೆಲಸವಾಯಿತು.

ಕೊಟ್ಟಿಗೆಯ ಕಲ್ಲುಹಾಸು ಹಾಗೇ ಇತ್ತು. ಹಸುಗಳಿಗೆ ಮೇವು ಹಾಕುತ್ತಿದ್ದ ಗೋದಲಿಯ ಅಂಚಿನ ಮೇಲೆ ಗಾಜಿನ ಹಲಗೆಗಳನ್ನು ಓರಣವಾಗಿ ನಿಲ್ಲಿಸಿರುತ್ತಿದ್ದರು. ಹಲಗೆಯ ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಆಮೇಲೆ ಆ ಅಂಚನ್ನು ಯಾರೂ ಮುಟ್ಟುವಂತಿರಲಿಲ್ಲ. ತಾವೂ ಮುಟ್ಟುತ್ತಿರಲಿಲ್ಲ. ಗಾಜಿಗೆ ಗಾಜು ಅಂಟಿಸುವ ಸಿಲಿಕೋನ್ ಹಾಕುವಾಗ ಉಸಿರು ಹಿಡಿಯುತ್ತಿದ್ದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವ ತನಕ ಅಂಟಿನ ಗನ್ನು ನಿಲ್ಲಬಾರದು. ನಿಂತರೆ ಅಲ್ಲೊಂದು ಗುಳ್ಳೆ, ಗುಳ್ಳೆ ಇದ್ದಲ್ಲಿ ನಾಳೆ ನೀರು. ಗೆರೆ ಮುಗಿದಾಗ ದೊಡ್ಡ ಉಸಿರು ಬಿಟ್ಟು, ಬೆರಳಿನಿಂದ ಒಂದೇ ಸಲ ಸವರುತ್ತಿದ್ದರು. ಅವರ ಬಲಗೈಯ ತೋರುಬೆರಳಿನ ಉಗುರಿನ ಸುತ್ತ ಒಣಗಿದ ಸಿಲಿಕೋನ್ ಯಾವಾಗಲೂ ಇರುತ್ತಿತ್ತು. ಹತ್ತಿರ ಬಂದರೆ ಹುಳಿಹುಳಿ ವಾಸನೆ. ಅಕ್ಕ ಅದಕ್ಕೆ "ಉಪ್ಪಿನಕಾಯಿ ಭರಣಿ ಬಂತು" ಅನ್ನುತ್ತಿದ್ದರು.

ಟ್ಯಾಂಕು ಒಣಗಿದ ಮೇಲೂ ಕೊಡುತ್ತಿರಲಿಲ್ಲ. ಕಲ್ಲುಹಾಸಿನ ಮೇಲೆ ಹಳೆಯ ಪತ್ರಿಕೆ ಹರಡಿ, ಅದರ ಮೇಲೆ ನಾಲ್ಕು ಮರದ ತುಂಡಿನ ಮೇಲೆ ಟ್ಯಾಂಕಿಟ್ಟು, ಕಂಠದ ತನಕ ನೀರು ತುಂಬಿ ಬಿಡುತ್ತಿದ್ದರು. ಬೆಳಿಗ್ಗೆ ಎದ್ದು ಕಾಫಿಗಿಂತ ಮೊದಲು ಕೊಟ್ಟಿಗೆಗೆ ಹೋಗಿ, ಮಂಡಿಯೂರಿ, ಬಗ್ಗಿ, ಆ ಪತ್ರಿಕೆಯನ್ನು ಒಂದೊಂದು ಅಂಗುಲವೂ ನೋಡುತ್ತಿದ್ದರು. ಒಂದು ಹನಿ ಬಿದ್ದಿದ್ದರೂ ಅಕ್ಷರ ಉಬ್ಬಿರುತ್ತದೆ. ಕಾಂಪೌಂಡಿನ ಮೇಲಿನಿಂದ ನಾನು ಕೇಳುತ್ತಿದ್ದೆ, "ಏನಣ್ಣ, ಪೇಪರ್‌ನಲ್ಲಿ ಏನಿದೆ?"

"ಏನೂ ಇಲ್ಲ ಕಣಮ್ಮ. ಒಳ್ಳೆ ದಿನ."

ವಾರವಿಡೀ ಪೇಪರಿನಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಟ್ಯಾಂಕು ಹೊರಗೆ ಹೋಗುತ್ತಿತ್ತು.

ಕೊಟ್ಟಿಗೆಯ ಮೂಲೆಯಲ್ಲಿ ಒಂದು ಟ್ಯಾಂಕಿತ್ತು. ಅದರಲ್ಲಿ ಈರುಳ್ಳಿ. ಹೊಸಬರು ಬಂದರೆ ಮೊದಲು ಅದನ್ನೇ ತೋರಿಸುತ್ತಿದ್ದರು. ಅದು ಅವರು ಕಟ್ಟಿದ ಮೊದಲನೆಯ ಟ್ಯಾಂಕು. ಬಚ್ಚಲಿನ ಗೋಡೆಗೆ ಪಾಚಿ ಹಿಡಿಯದಿರಲೆಂದು ಔಷಧಿ ಬೆರೆಸಿ ಮಾರುವ ಸಿಲಿಕೋನ್ ತಂದು ಅಂಟಿಸಿದ್ದರು. ಒಂದು ಹನಿ ಸೋರಲಿಲ್ಲ. ಮೀನು ಬಿಟ್ಟರು, ಬೆಳಗಾಗುವಷ್ಟರಲ್ಲಿ ಎಲ್ಲವೂ ಮೇಲೆ ತೇಲುತ್ತಿದ್ದವು. "ಬಚ್ಚಲಿಗೆ ಹಾಕೋದನ್ನ ಮೀನಿಗೆ ಹಾಕ್ದೆ. ಸಾಯ್ಸೋದಕ್ಕೆ ಅಂತಾನೇ ಕಟ್ಟಿದ್ರೂ ಅಷ್ಟು ಚೆನ್ನಾಗಿ ಬರ್ತಿರ್ಲಿಲ್ಲ," ಅನ್ನುತ್ತಿದ್ದರು. ಆ ಟ್ಯಾಂಕನ್ನು ಒಡೆಯಲೂ ಇಲ್ಲ, ಮುಚ್ಚಿಡಲೂ ಇಲ್ಲ. ಅಕ್ಕ ಒಂದು ದಿನ ಅದಕ್ಕೆ ಈರುಳ್ಳಿ ಸುರಿದರು. "ಇದ್ರಲ್ಲಿ ಈರುಳ್ಳಿ ಮಾತ್ರ ಬದುಕುತ್ತೆ" ಎಂದು ಇವರು ಸೇರಿಸಿಕೊಂಡರು.

ಗಾಜು ಕೊಳ್ಳಲು ಶಿವಾಜಿನಗರಕ್ಕೆ ಹೋಗುವಾಗ ಒಂದೆರಡು ಸಲ ನಾನೂ ಜೊತೆಗಿದ್ದೆ. ಅಲ್ಲಿಯ ಒಂದು ಗಲ್ಲಿಯಲ್ಲಿ ಅವರ ಗೆಳೆಯರ ಗಾಜಿನ ಅಂಗಡಿ. ಆ ಅಂಗಡಿಯವರನ್ನು ಇವರು ಭಾಯ್ ಅನ್ನುತ್ತಿದ್ದರು, ಅವರು ಇವರನ್ನು ಯಜಮಾನ್ರೇ ಅನ್ನುತ್ತಿದ್ದರು. ಇವರು ಪ್ರತಿಯೊಂದು ಹಲಗೆಯನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಂಚಿನುದ್ದಕ್ಕೂ ನೋಡುತ್ತ ನಿಲ್ಲುತ್ತಿದ್ದರು.

"ಯಜಮಾನ್ರೇ, ಗ್ಲಾಸ್ ತಗೊಳ್ಳೋಕೆ ಬಂದ್ರಾ, ಹೆಣ್ಣು ನೋಡೋಕೆ ಬಂದ್ರಾ?"

"ಹೆಣ್ಣು ನೋಡೋವಾಗ ಇಷ್ಟು ನೋಡಿದ್ರೆ ಒಳಗೇ ಬಿಡ್ತಿರ್ಲಿಲ್ಲ ಭಾಯ್."

"ಅಲ್ಲಿ ಹೆಣ್ಣೇ ನಿಮ್ಮನ್ನ ಬೆಳಕಿಗೆ ಹಿಡಿದು ನೋಡಿದ್ರೆ ಗೊತ್ತಾಗೋದು. ಮೇಡಂ, ಕೂತ್ಕೊಳ್ಳಿ. ಇವರದು ಮುಗಿಯೋಷ್ಟರಲ್ಲಿ ಒಂದು ಚಾಯ್ ಅಲ್ಲ, ಎರಡು ಆಗುತ್ತೆ."

ಆ ಅಂಗಡಿಯಲ್ಲಿ ಗಾಜಿನ ಅಂಚು ಸವೆಸುವ ಒಂದು ಮೆಷಿನ್ ಇತ್ತು. ಅದರಲ್ಲಿ ಕೂತ ಗಾಜಿನ ಪುಡಿಯನ್ನು ತೆಗೆಯುವಾಗಲೂ ಇವರು ಪ್ಲಗ್ ಕಿತ್ತು ಜೇಬಿಗೆ ಇಳಿಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಅವರು ಹೇಳಿಕೊಟ್ಟದ್ದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವವು ಸಣ್ಣ ಮಾತುಗಳು. "ವೈರಿಗೆ ಹೊಟ್ಟೆ ಇರ್ಬೇಕು." ಟ್ಯಾಂಕಿನಿಂದ ಗೋಡೆಗೆ ಹೋಗುವ ವೈರು ಬಿಗಿಯಾಗಿ ಇರಬಾರದು, ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲಕ್ಕೆ ಏರಬೇಕು. ವೈರಿನ ಮೇಲೆ ಹರಿದುಬಂದ ನೀರು ಆ ಹೊಟ್ಟೆಯಿಂದ ಕೆಳಗೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಕು. ಕೆಳಗಿಟ್ಟರೆ ಕರೆಂಟು ಹೋದಾಗ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪಿನೊಳಗೆ ತುಂಬುತ್ತದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಹಿಂಡಬೇಕು. "ಪೂರ್ತಿ ಕೊಳೆ ತೆಗೀಬಾರ್ದಮ್ಮ. ಅದ್ರಲ್ಲಿ ಒಳ್ಳೆ ಕೊಳೆ ಇರುತ್ತೆ. ನೀರು ಚೊಕ್ಕ ಮಾಡೋದು ಅದೇ."

ಅಕ್ಕ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದರು. "ಕೊಳೇಲೂ ಒಳ್ಳೇದು ಕಾಣ್ಸುತ್ತೆ ಇವರಿಗೆ. ಸಾರಲ್ಲಿ ಒಂದು ಕೂದ್ಲು ಕಂಡ್ರೆ ಮಾತ್ರ ಊರೆಲ್ಲ ಕೇಳ್ಸ್ಬೇಕು."

ಅವರ ಬಗ್ಗೆ ಒಳ್ಳೆಯದನ್ನು ಮಾತ್ರ ಬರೆದರೆ ಅಕ್ಕ ಒಪ್ಪುವುದಿಲ್ಲ. ಅವರಿಗೆ ಹಟವಿತ್ತು. ಗುಂಡನೆಯ ಗಾಜಿನ ಬೋಗುಣಿಯಲ್ಲಿ ಮೀನು ಸಾಕಿದ ಒಬ್ಬ ಹಳೆಯ ಸ್ನೇಹಿತರ ಜೊತೆ ಮಾತು ಬಿಟ್ಟಿದ್ದರು. ಆ ಮನುಷ್ಯರ ಮಗಳ ಮದುವೆಗೂ ಹೋಗಲಿಲ್ಲ. ಅಂಟಿಲ್ಲದ, ಒಂದೇ ಅಚ್ಚಿನಲ್ಲಿ ಮಾಡಿದ ಟ್ಯಾಂಕುಗಳು ಅಂಗಡಿಗೆ ಬಂದಾಗ, ಎರಡು ಬೇಸಿಗೆಯಲ್ಲಿ ಸೊಟ್ಟಗಾಗುತ್ತವೆ ಅಂದರು. ಆಗಲಿಲ್ಲ. ಇಂದಿರಾನಗರದಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಅಂಥದೊಂದು ಹಲವು ವರ್ಷ ನೆಟ್ಟಗೆ ನಿಂತಿತ್ತು. ಅದನ್ನು ತೋರಿಸಲು ಕರೆದುಕೊಂಡು ಹೋದರೆ ಬಾಗಿಲಲ್ಲೇ ನಿಂತು, "ಇನ್ನೊಂದು ಬೇಸಿಗೆ ನೋಡಿ" ಅಂದರು. ಇನ್ನೂ ಒಂದು ವಿಷಯ: ಬೀದಿಗೆಲ್ಲ ಹೇಳಿಕೊಡುತ್ತಿದ್ದವರು ಮನೆಯಲ್ಲಿ ಹೆಂಡತಿಗೆ ಏನನ್ನೂ ಹೇಳಿಕೊಡಲಿಲ್ಲ. ಮನೆಯ ನಡುಕೋಣೆಯಲ್ಲಿದ್ದ ದೊಡ್ಡ ಟ್ಯಾಂಕಿಗೆ ಅಕ್ಕ ಒಂದು ಚಿಟಿಕೆ ಆಹಾರ ಹಾಕಿದರೂ ಆಗುತ್ತಿರಲಿಲ್ಲ. "ನೀನು ಮುಟ್ಬೇಡ, ನಿಂಗೆ ಗೊತ್ತಾಗಲ್ಲ."

"ನಂಗ್ಯಾಕೆ," ಅನ್ನುತ್ತಿದ್ದರು ಅಕ್ಕ. "ಅವು ಇವರ ಬೀಗರು. ಬಂದು ಇಷ್ಟು ವರ್ಷ ಆಯ್ತು, ಹೊರಡೋ ಮಾತೇ ಇಲ್ಲ."

ಅಕ್ಕನ ಪಾಲಿಗೆ ಬಂದದ್ದು ಜೇಬು. ದೊಡ್ಡ ಟ್ಯಾಂಕಿನ ಲೈಟು, ಫಿಲ್ಟರು, ಚಳಿಗಾಲದ ಹೀಟರು ಎಲ್ಲ ಸೇರಿ ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹೋಗುತ್ತಿದ್ದವು. ಅದರದು ಮೂರು ಪಿನ್ನಿನ ದಪ್ಪ ಪ್ಲಗ್. ಅದು ಜೇಬಿಗೆ ಇಳಿದು ಇಳಿದು ಪ್ರತಿ ಶರ್ಟಿನ ಜೇಬೂ ಹರಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಅಕ್ಕ ವರಾಂಡದಲ್ಲಿ ಸೂಜಿ ದಾರ ಹಿಡಿದು ಕೂತಿದ್ದರೆ ಅದು ಜೇಬಿನ ಕೆಲಸ ಎಂದೇ ಅರ್ಥ. "ಸಣ್ಣ ಮಕ್ಳು ಗೋಲಿ ತುಂಬ್ಕೋತಾರೆ, ಇವರು ಪ್ಲಗ್ ತುಂಬ್ಕೋತಾರೆ," ಎಂದು ಬೈಯುತ್ತಲೇ ಹೊಲಿಯುತ್ತಿದ್ದರು.

ಇನ್ನು ಆ ದಿನ. ನಾನು ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ಕೆ.ಆರ್. ಪುರದಲ್ಲಿ ಅಕ್ಕನ ತಮ್ಮನ ಮನೆಯ ಗೃಹಪ್ರವೇಶ. ನನಗೂ ಕರೆ ಇತ್ತು. ಒಂದೇ ಆಟೋದಲ್ಲಿ ಹೋಗೋಣ ಎಂದಾಗಿತ್ತು, ಹಾಗಾಗಿ ಬೆಳಿಗ್ಗೆ ತಯಾರಾಗಿ ಅವರ ಮನೆಗೆ ಬಂದೆ. ಅವರು ಹೊಸ ಬಿಳಿ ಶರ್ಟು ಹಾಕಿಕೊಂಡಿದ್ದರು. ಭಾವಮೈದ ಕೊಟ್ಟದ್ದು, ಅವತ್ತೇ ಮೊದಲು ಹಾಕಿದ್ದು. ಅಕ್ಕ ಒಳಕೋಣೆಯಲ್ಲಿ ಸೀರೆಗೆ ಇಸ್ತ್ರಿ ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ನಡುಕೋಣೆಯ ಫ್ಯಾನು ನಿಧಾನವಾಯಿತು. ಫಿಲ್ಟರಿನ ಸದ್ದು ನಿಂತಿತು.

"ರೀ, ಇಸ್ತ್ರಿ ಪೆಟ್ಟಿಗೆಗೆ ಟ್ರಿಪ್ ಆಯ್ತು," ಎಂದು ಅಕ್ಕ ಒಳಗಿನಿಂದ ಕೂಗಿದರು.

"ಇರು, ಬಂದೆ," ಅಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆಯಿಂದ ಗೊರಗೊರ ಅಂತಿತ್ತಮ್ಮ ಫಿಲ್ಟರು. ಒಳಗೆ ಚಕ್ರಕ್ಕೆ ಏನೋ ಸಿಕ್ಕಿದೆ. ಒಂದ್ನಿಮಿಷ," ಅಂದರು.

"ಹೊಸ ಶರ್ಟಣ್ಣ," ಅಂದೆ.

"ತೋಳು ಮಡಿಸ್ಕೋತೀನಿ."

ತೋಳು ಮಡಿಸಿದರು. ಗೋಡೆಯಿಂದ ಪ್ಲಗ್ ಕಿತ್ತರು. ಜೇಬಿಗೆ ಇಳಿಸಿದರು. ಇದನ್ನು ನಾನು ಕಂಡೆ. ಎಷ್ಟೋ ಸಲ ಕಂಡದ್ದರಿಂದ ಗಮನಿಸಿರಲಿಕ್ಕಿಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಬಿಳಿ ಶರ್ಟಿನ ಮೇಲೆ ಆ ಕರಿಯ ವೈರು ಎದ್ದು ಕಾಣುತ್ತಿತ್ತು, ಅಕ್ಕ ಈಗ ನೋಡಿದರೆ ಇವರು ಬೈಸಿಕೊಳ್ಳುತ್ತಾರೆ ಎಂದುಕೊಂಡೆ. ಎರಡೂ ಕೈ ನೀರಿಗೆ ಹಾಕಿ ಫಿಲ್ಟರನ್ನು ಗಾಜಿನಿಂದ ಬಿಡಿಸಿದರು. ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಿಂದ ಅದರ ಮುಚ್ಚಳ ತೆಗೆಯುತ್ತಿದ್ದರು. ಆಗ "ತಡಿ" ಅಂದರು. ಮೆಲ್ಲಗೆ, ಯಾರಿಗೋ ಪಕ್ಕದಲ್ಲಿರುವವರಿಗೆ ಹೇಳುವ ಹಾಗೆ. ಬಲಗೈ ನೀರಿನಿಂದ ಹೊರಗೆ ಬಂತು, ಎದೆಯ ಮೇಲೆ ಹೋಯಿತು. ಬಿಳಿ ಶರ್ಟಿನ ಮೇಲೆ ಒದ್ದೆಯ ಗುರುತು ಮೂಡಿತು. ಮಂಡಿಗಳು ಮಡಿಚಿಕೊಂಡವು. ತಲೆಯ ಮೇಲೆ ಫ್ಯಾನು ತಿರುಗತೊಡಗಿತು.

ಹೊತ್ತಾಗುತ್ತಿದೆ ಎಂದು ಅಕ್ಕ ಇಸ್ತ್ರಿಯ ಪ್ಲಗ್ ತೆಗೆದು, ತಾವೇ ವರಾಂಡಕ್ಕೆ ಹೋಗಿ ಟ್ರಿಪ್ ಸ್ವಿಚ್ಚನ್ನು ಮೇಲೆತ್ತಿದ್ದರು. ಒಳಕೋಣೆಯಿಂದ ವರಾಂಡಕ್ಕೆ ಹೋಗುವ ಬಾಗಿಲು ಬೇರೆ. ಇವರು ಟ್ಯಾಂಕಿನ ಮುಂದಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಕೈ ಮೊದಲು, ಫ್ಯಾನು ಆಮೇಲೆ. ನನ್ನ ನೆನಪಿನಲ್ಲಿ ಕ್ರಮ ಹೀಗಿದೆ. ಆದರೆ ಇಷ್ಟು ಸಲ ನೆನೆಸಿಕೊಂಡ ಮೇಲೆ ಆ ಕ್ರಮದ ಮೇಲೆ ಆಣೆ ಇಡಲು ಹಿಂಜರಿಯುತ್ತೇನೆ. ಎರಡರ ನಡುವೆ ಇದ್ದದ್ದು ಬಹಳ ಸ್ವಲ್ಪ ಹೊತ್ತು. ಪ್ಲಗ್ಗಿನ ವಿಷಯದಲ್ಲಿ ಮಾತ್ರ ನನಗೆ ಹಿಂಜರಿಕೆಯಿಲ್ಲ.

ಅವರು ಮುಂದಕ್ಕೆ ಬಗ್ಗಿ, ಪಕ್ಕಕ್ಕೆ ಜಾರಿ, ಎದೆ ಕೆಳಗಾಗಿ ಬಿದ್ದರು. ನಾನು ತಿರುಗಿಸಿ ಮಲಗಿಸಿದೆ. ಗುಂಡಿ ಬಿಚ್ಚಲು ಹೋದರೆ ವೈರು ಅಡ್ಡ ಬಂತು. ಜೇಬಿಗೆ ಕೈ ಹಾಕಿ ಪ್ಲಗ್ ಎಳೆದೆ. ಅದು ಸಿಕ್ಕಿಕೊಂಡಿತ್ತು. ಜೋರಾಗಿ ಎಳೆದೆ, ಬಂತು. ಅದೇ ಕ್ಷಣ ಅಕ್ಕ ವರಾಂಡದ ಕಡೆಯಿಂದ ಒಳಗೆ ಬಂದರು. ಅವರು ಕಂಡದ್ದು ಇಷ್ಟು: ಗಂಡ ನೆಲದ ಮೇಲೆ, ತೋಳು ಒದ್ದೆ, ನನ್ನ ಕೈಯಲ್ಲಿ ಪ್ಲಗ್. ತಿರುಗುತ್ತಿದ್ದ ಫ್ಯಾನಿನ ಕಡೆ ಒಮ್ಮೆ ನೋಡಿದರು. ನಾನು ಆಗ ತಾನೇ ಗೋಡೆಯಿಂದ ಪ್ಲಗ್ ಕಿತ್ತೆ ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ಗೃಹಪ್ರವೇಶಕ್ಕೆಂದು ಬಂದು ನಿಂತಿದ್ದ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ಡಾಕ್ಟರು ನೋಡಿ, ಹೃದಯ ನಿಂತಿದೆ ಅಂದರು. ಕೈಗಳನ್ನು, ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಸುಟ್ಟ ಗುರುತು ಎಲ್ಲೂ ಇಲ್ಲ, ಇದು ಹಾರ್ಟ್ ಅಟ್ಯಾಕ್ ಎಂದು ಸ್ಪಷ್ಟವಾಗಿ ಹೇಳಿದರು. ಅವರ ಬಟ್ಟೆಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು.

ಅಕ್ಕ ಡಾಕ್ಟರನ್ನು ನಂಬಲಿಲ್ಲ. ನನ್ನನ್ನೂ ನಂಬಲಿಲ್ಲ. "ಇರು ಅಂದಿದ್ರು. ನಾನು ಇರ್ಲಿಲ್ಲ," ಎಂಬ ಎರಡು ಮಾತನ್ನು ಬಿಟ್ಟು ಆ ದಿನದ ಬಗ್ಗೆ ಇನ್ನೇನನ್ನೂ ಹೇಳುತ್ತಿರಲಿಲ್ಲ. ಪ್ಲಗ್ ಜೇಬಿನಲ್ಲಿತ್ತು ಎಂದು ಎಷ್ಟೋ ಸಲ ಹೇಳಿದೆ. ತಲೆ ಆಡಿಸಿ, "ನೀನು ಒಳ್ಳೆಯವಳು, ಅದಕ್ಕೇ ಹೇಳ್ತೀಯ," ಅನ್ನುತ್ತಿದ್ದರು.

ಅಂದಿನಿಂದ ಅಕ್ಕ ಸ್ವಿಚ್ಚು ಮುಟ್ಟುವುದನ್ನು ಬಿಟ್ಟರು. ಮೊದಲು ನನಗೆ ತಿಳಿಯಲಿಲ್ಲ. ಹೊಸಕೋಟೆಯಿಂದ ಮಗಳು ಬಂದು ಜೊತೆಗಿದ್ದಳು. ಅವಳು ಹಿಂದಿರುಗಿದ ಮೇಲೆ ಒಂದು ಸಂಜೆ ಡ್ಯೂಟಿ ಮುಗಿಸಿ ಬರುವಾಗ ಅವರ ಮನೆ ಕತ್ತಲಾಗಿರುವುದು ಕಂಡಿತು. ಬೀದಿಯಲ್ಲೆಲ್ಲ ದೀಪವಿತ್ತು. ಬಾಗಿಲು ತಳ್ಳಿದೆ. ಕತ್ತಲೆಯೊಳಗಿನಿಂದ "ಬಂದ್ಯಾ?" ಅಂದರು. "ಆ ಲೈಟ್ ಒಂದು ಹಾಕಮ್ಮ." ಅವರು ಸ್ವಿಚ್ಚಿನ ಬೋರ್ಡಿನ ಕೆಳಗೇ ಕೂತಿದ್ದರು.

ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ಹೋಗುವಾಗ ಅವರ ಮೋಟಾರು ಹಾಕಿ ತಾರಸಿಯ ಟ್ಯಾಂಕಿಗೆ ನೀರು ತುಂಬಿಸಿ ಹೋಗುತ್ತಿದ್ದೆ, ಸಂಜೆ ಬಂದು ದೀಪ ಹಾಕುತ್ತಿದ್ದೆ. ಮಿಕ್ಸಿಯನ್ನು ಕಟ್ಟಿ ಅಟ್ಟಕ್ಕೆ ಹಾಕಿದರು; ಚಟ್ನಿಗೆ ಒರಳು ತೊಳೆದುಕೊಂಡರು. ಸೀರೆಗೆ ಇಸ್ತ್ರಿಯಿಲ್ಲ. ನಡುಕೋಣೆಯ ಮೀನುಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ, ಅಕ್ಕ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ತಮ್ಮನ ಮನೆಗೋ ಮಗಳ ಮನೆಗೋ ಹೋಗಿರಿ ಎಂದು ಬಂಧುಗಳು ಹೇಳಿದರು. "ಅಲ್ಲೂ ಸ್ವಿಚ್ಚಿರುತ್ತೆ," ಅಂದರು.

ಈ ನಡುವೆ ಬೀದಿಯವರು ಒಬ್ಬೊಬ್ಬರಾಗಿ, ಅಣ್ಣ ಕಟ್ಟಿಕೊಟ್ಟಿದ್ದ ಟ್ಯಾಂಕುಗಳನ್ನು ವಾಪಸ್ ತಂದರು. ಮನೆಯಲ್ಲಿ ಮಕ್ಕಳಿದ್ದಾರೆ, ಹೆದರಿಕೆಯಾಗುತ್ತದೆ ಎಂದರು. ಕೆಟ್ಟವರಲ್ಲ, ಕೆಲವರು ತೊಳೆದು ಒರೆಸಿಯೇ ತಂದಿದ್ದರು. ಕೊಟ್ಟಿಗೆಯಲ್ಲಿ ಗೋದಲಿಯ ಮುಂದೆ ಅವು ಖಾಲಿಯಾಗಿ ಸಾಲುಗಟ್ಟಿ ನಿಂತವು. ಅಕ್ಕ ಅವನ್ನು ನೋಡಿದ್ದು ಒಂದೇ ಸಲ, ಈರುಳ್ಳಿ ತೆಗೆಯಲು ಹೋದಾಗ. ಆಮೇಲೆ ಈರುಳ್ಳಿಯನ್ನು ಅಡುಗೆಮನೆಯಲ್ಲೇ ಬುಟ್ಟಿಗೆ ಹಾಕಿಟ್ಟುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಶಿವಾಜಿನಗರದ ಗಾಜಿನ ಅಂಗಡಿಯವರು ಬಂದರು. ಅವರಿಗೆ ಕಾಯಿಲೆಯಾಗಿ ಬಹಳ ದಿನ ಅಂಗಡಿಗೆ ಹೋಗಿರಲಿಲ್ಲ, ಸುದ್ದಿ ತಡವಾಗಿ ಗೊತ್ತಾಗಿತ್ತು. ನಾನಾಗ ತಾನೇ ದೀಪ ಹಾಕಿ ಒಳಗೆ ಚಹಾಕ್ಕೆ ಇಟ್ಟಿದ್ದೆ. ಅವರು ಚಪ್ಪಲಿ ಬಿಟ್ಟು ಬಂದು, ದೊಡ್ಡ ಟ್ಯಾಂಕಿನ ಕಡೆ ಸ್ವಲ್ಪ ಹೊತ್ತು ನೋಡಿ, ಅಕ್ಕನಿಗೆ ಎದುರಾಗಿ ಕೂತರು.

"ಅಂಗಡಿ ಹುಡುಗ್ರು ಕರೆಂಟ್ ಅಂದ್ರು ಬೆಹನ್. ನಾನು ಬೈದೆ. ಆ ಮನುಷ್ಯ ನನ್ನ ಮೆಷಿನ್ ಕ್ಲೀನ್ ಮಾಡ್ಬೇಕಾದ್ರೂ ಪ್ಲಗ್ ತೆಗ್ದು ಜೇಬಲ್ಲಿ ಇಟ್ಕೊಳ್ಳೋರು. ಅಂಗಡಿ ನಂದು, ಪ್ಲಗ್ ಅವರ ಜೇಬಲ್ಲಿ. ನಾನು ಕೆಲಸ ಶುರು ಮಾಡ್ಬೇಕಂದ್ರೆ ಅವರನ್ನ ಕೇಳ್ಬೇಕು."

ಅಕ್ಕ ತಲೆ ಎತ್ತಿ ಅವರನ್ನು ನೋಡಿದರು.

"ಆ ಜೇಬು ಒಂದಿನಾನೂ ನೆಟ್ಟಗಿದ್ದಿದ್ದು ನಾನು ನೋಡ್ಲಿಲ್ಲ. ಚಿಲ್ಲರೆ ಹಾಕ್ಕೊಂಡ್ರೆ ಈ ಕಡೆ ಹಾಕೋದು, ಆ ಕಡೆ ಉದುರೋದು. ಯಜಮಾನ್ರೇ, ನಮ್ಮ ಅಂಗಡೀಲಿ ಬಿತ್ತನೆ ಮಾಡ್ತಿದ್ದೀರಾ ಅಂತಿದ್ದೆ."

ಅಕ್ಕನ ಮುಖದಲ್ಲಿ ಏನೋ ಸಡಿಲವಾಯಿತು. "ಹೊಲ್ದು ಹೊಲ್ದು ಸಾಕಾಗಿತ್ತು ಭಾಯ್," ಅಂದರು. "ಕೆಳಗಡೆ ಮೂಲೆ, ಗುಂಡಿ ಕಡೇದು. ಯಾವ ಶರ್ಟ್ ತಗೊಳ್ಳಿ, ಅದೇ ಮೂಲೆ. ಆ ದಪ್ಪ ಪಿನ್ನು ಅಲ್ಲೇ ಹೋಗಿ ಚುಚ್ಚೋದು."

ಅಷ್ಟು ಉದ್ದದ ಮಾತನ್ನು ಅವರು ಆಡಿ ತಿಂಗಳುಗಳಾಗಿದ್ದವು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಗ ನನಗೆ ಒಂದು ಸದ್ದು ನೆನಪಾಯಿತು. ಅವತ್ತು ಪ್ಲಗ್ ಎಳೆದಾಗ, ಅದು ಜೇಬಿನಿಂದ ಬಿಡಿಸಿಕೊಳ್ಳುವ ಮುಂಚೆ, ಬಟ್ಟೆ ಹರಿದ ಸದ್ದು. ಅದು ಇಷ್ಟು ದಿನ ನನ್ನ ನೆನಪಿನಲ್ಲಿ ಇರಲಿಲ್ಲವೆಂದಲ್ಲ. ಬೇರೆಲ್ಲ ಸದ್ದುಗಳ ಕೆಳಗೆ ಸಿಕ್ಕಿಕೊಂಡಿತ್ತು.

ಅಂಗಡಿಯವರು ಹೊರಟ ಮೇಲೆ ಕೇಳಿದೆ. "ಅಕ್ಕ, ಆಸ್ಪತ್ರೆಯಲ್ಲಿ ಕೊಟ್ಟ ಕವರ್ ಎಲ್ಲಿದೆ?"

ಬೀರುವಿನ ಮೇಲೆ ಕೈ ತೋರಿಸಿದರು. ತಂದಾಗ ಹೇಗಿತ್ತೋ ಹಾಗೇ ಗಂಟು ಹಾಕಿತ್ತು. ನಾನು ಇಳಿಸಿದೆ, ಗಂಟು ಬಿಚ್ಚಿದ್ದು ಅಕ್ಕ. ಬಿಳಿ ಶರ್ಟು ಮುದ್ದೆಯಾಗಿ ಒಣಗಿತ್ತು. ಎದೆಯ ಮೇಲೆ ಕೈಯಿಟ್ಟ ಜಾಗದಲ್ಲಿ ಟ್ಯಾಂಕಿನ ನೀರು ಒಣಗಿ ತೆಳ್ಳಗೆ ಹಳದಿಯಾಗಿತ್ತು. ಅದನ್ನು ತೊಡೆಯ ಮೇಲೆ ಹರಡಿಕೊಂಡು, ಅಂಗೈಯಿಂದ ನೇವರಿಸಿ ಸುಕ್ಕು ತೆಗೆದರು. ಆಮೇಲೆ, ಭಾನುವಾರಗಳಲ್ಲಿ ಮಾಡುತ್ತಿದ್ದ ಹಾಗೆ, ಯೋಚನೆಯೇ ಇಲ್ಲದೆ, ಜೇಬಿನೊಳಗೆ ತೋರುಬೆರಳು ಇಳಿಸಿದರು.

ಬೆರಳು ಕೆಳಗಿನ ಮೂಲೆಯಿಂದ, ಗುಂಡಿಯ ಕಡೆಯಿಂದ ಹೊರಗೆ ಬಂತು.

ಅಕ್ಕ ಆ ಬೆರಳನ್ನೇ ನೋಡುತ್ತ ಕೂತರು. "ಹೊಸದು," ಅಂದರು. "ಒಂದೇ ಸಲ ಹಾಕಿದ್ದು."

"ಹೂಂ ಅಕ್ಕ."

"ಹಾಕ್ಕೊಂಡಾಗ ನಾನೇ ಗುಂಡಿ ನೋಡಿದ್ದೆ, ಜೇಬು ನೋಡಿದ್ದೆ. ನೆಟ್ಟಗಿತ್ತು."

ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೇ ಕೇಳಿದರು. "ಯಾಕೆ ಇಟ್ಕೋತಿದ್ರು ಜೇಬಲ್ಲಿ? ಕೆಳಗೆ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?"

ಅವರಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಮೊದಲ ದಿನ ನನ್ನ ಮನೆಗೆ ಲೋಟ ಹಿಡಿದು ಬಂದಾಗ ಅಣ್ಣ ಹೇಳಿದ್ದನ್ನು ಹಾಗೇ ಹೇಳಿದೆ. ಕೆಳಗೆ ಬಿಟ್ಟರೆ ಯಾರಾದರೂ ಒಳ್ಳೆಯವರು ಬಂದು ಹಾಕಿಬಿಡುತ್ತಾರೆ. ಕೆಟ್ಟವರಲ್ಲ, ಒಳ್ಳೆಯವರೇ ಹಾಕುವುದು.

"ನಂಗೆ ಒಂದಿನ ಹೇಳ್ಲಿಲ್ಲ ನೋಡು," ಅಂದರು ಅಕ್ಕ. "ಶರ್ಟೆಲ್ಲ ಹಾಳ್ಮಾಡ್ತೀರ ಅಂತ ಅಷ್ಟು ಬೈತಿದ್ದೆ. ಆಗಾದ್ರೂ ಹೇಳ್ಬಹುದಿತ್ತು."

ಆ ದಿನದ್ದನ್ನು ಮೊದಲಿನಿಂದ ಇನ್ನೊಮ್ಮೆ ಹೇಳು ಅಂದರು. ಹೇಳಿದೆ. ಈ ಸಲ ತಲೆ ಆಡಿಸಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಅವರು ನಂಬಿದ್ದು ನನ್ನ ಮಾತನ್ನಲ್ಲ ಎಂದು ನನಗೆ ಗೊತ್ತು. ಅವರು ಇಷ್ಟು ವರ್ಷ ಹೊಲಿದ ಮೂಲೆ ಅದು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ತಡಿ ಅಂದ್ರಾ?"

"ಹೂಂ."

"ಯಾರಿಗೆ?"

"ಗೊತ್ತಾಗ್ಲಿಲ್ಲ ಅಕ್ಕ."

ಶರ್ಟನ್ನು ಮಡಿಸಿ ಪಕ್ಕಕ್ಕಿಟ್ಟುಕೊಂಡರು. ನಾನು ಮನೆಗೆ ಹೊರಟಾಗ ಎಂದಿನ ಹಾಗೆ ಯಾವ ಲೈಟು ಇರಲಿ, ಯಾವುದು ಆರಿಸಲಿ ಎಂದು ಕೇಳಿದೆ. "ಇರ್ಲಿ ಬಿಡು," ಅಂದರು.

ಮಾರನೆಯ ದಿನ ಎಕ್ಸ್‌ಚೇಂಜಿನಿಂದ ಬರುವಾಗ ಹೊತ್ತು ಮುಳುಗಿತ್ತು. ನಮ್ಮ ಬೀದಿಗೆ ತಿರುಗಿದಾಗ ಅವರ ನಡುಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮಗಳು ಬಂದಿರಬೇಕು ಎಂದುಕೊಂಡೆ. ಗೇಟು ತೆಗೆದು, ಬಾಗಿಲು ತಳ್ಳಿದೆ. ಬೇರೆ ಯಾರೂ ಇರಲಿಲ್ಲ. ಅಕ್ಕ ಟ್ಯಾಂಕಿನ ಮುಂದೆ ಒಂದು ಸ್ಟೂಲಿನ ಮೇಲೆ ನಿಂತಿದ್ದರು. ಟ್ಯಾಂಕಿನ ಲೈಟು ಆರಿತ್ತು, ಫಿಲ್ಟರಿನ ಸದ್ದಿರಲಿಲ್ಲ. ಅವರ ಎರಡೂ ಕೈ ಮೊಣಕೈ ತನಕ ನೀರಿನಲ್ಲಿದ್ದವು, ಮೀನುಗಳು ಮೂಲೆಗೆ ಸರಿದಿದ್ದವು. ಎಕ್ಸ್‌ಟೆನ್ಷನ್ ಬಾಕ್ಸಿನ ಕರಿಯ ವೈರು ಅವರ ಸೊಂಟದವರೆಗೆ ಬಂದಿತ್ತು. ಸೀರೆಗೆ ಜೇಬಿಲ್ಲವಲ್ಲ, ಪ್ಲಗ್ಗನ್ನು ಸೆರಗಿನ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಜಾರದ ಹಾಗೆ ಸೆರಗಿನ ತುದಿಯನ್ನು ಅದರ ಮೇಲೆ ಒಂದು ಸುತ್ತು ಸುತ್ತಿದ್ದರು.

ನಾನು ಒಳಗೆ ಕಾಲಿಟ್ಟೆ. ಅಕ್ಕ ತಿರುಗದೆಯೇ ಹೇಳಿದರು.

"ಅಲ್ಲೇ ನಿಂತ್ಕೊಮ್ಮ. ಯಾವುದಕ್ಕೂ ಕೈ ಹಾಕ್ಬೇಡ. ನೀನು ಒಳ್ಳೆಯವಳು."